ಬಿಳಿ ಕಿವಿಯ ಮರಿ

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥದ್ದನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವನು ನಾನು. ಕತೆ ಬರೆಯುವುದು ನನ್ನ ಚಟ. ಸುಳ್ಳನ್ನು ಹೇಗೆ ನಂಬಿಸಬೇಕೆಂದು ನನಗೇ ಗೊತ್ತಿರುವಾಗ ಇನ್ನೊಬ್ಬರದನ್ನು ನಂಬುವುದು ಹೇಗೆ? ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಕಮಲಾಪುರಕ್ಕೆ ಕೊಟ್ಟಿದ್ದ ನನ್ನ ಅಕ್ಕ ಜ್ವರ ಬಂದು ನೋಡನೋಡುತ್ತಲೇ ಹೋಗಿಬಿಟ್ಟಳು. ಅವ್ವ ಆಗ ಕಲಬುರಗಿಯಲ್ಲಿ, ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ, ಹೃದಯದ ಆಪರೇಷನ್ ಆಗಿ ಮಲಗಿದ್ದಳು. ಇಂಥ ಹೊತ್ತಿನಲ್ಲಿ ಸುದ್ದಿ ಮುಚ್ಚಿಡುವುದು ನಮ್ಮ ಕಡೆಯ ವಾಡಿಕೆ. ಅಕ್ಕ ಕಾಲು ಮುರಿದುಕೊಂಡಿದ್ದಾಳೆ, ಬರಲಾಗುವುದಿಲ್ಲ ಎಂದು ಹೇಳುವುದಾಗಿ ಹಿರಿಯರು ಮಾತಾಡಿಕೊಂಡರು. ಅವ್ವನಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲ. ನೋಡಲು ಬಂದವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿ, ತಿಳಿಹೇಳಿ ಒಳಗೆ ಬಿಡುತ್ತಿದ್ದೆವು.

"ನೀ ಕತಿ ಬರ್ಯಾಂವ ಇದ್ದಿ, ದಿನಾ ಏನರೆ ಹೇಳಿ ಸಂಭಾಳಿಸು," ಎಂದು ಕಾಕಾ ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ.

ಸಂಜೆ ಚಹಾ ಕೊಡುವಾಗ ಅವ್ವ ಕೇಳುವಳು, "ನಿಮ್ಮಕ್ಕ ಏನ್ ಮಾಡಾಕತ್ತಾಳ?" ನಾನು ಅವಳ ಕಿವಿಯ ಹತ್ತಿರ ಬಾಗಿ ಹೇಳುವೆ. ಕೂತಲ್ಲೇ ಶೇಂಗಾ ಸುಲಿಯುತ್ತಾಳೆ, ಅವಳ ಗಂಡ, ನಮ್ಮ ಮಾಮಾ, ಮಾಡಿದ ಸಾರಿನಲ್ಲಿ ತಪ್ಪು ಹುಡುಕುತ್ತಾಳೆ. ಅವ್ವ ನಗುವಳು. ಒಂದು ದಿನ ಏನೂ ಹೊಳೆಯದೆ, ಅಕ್ಕ ಆಡಿನ ಮರಿಯೊಂದನ್ನು ಸಾಕಿದ್ದಾಳೆ, ಮೈಯೆಲ್ಲ ಕಪ್ಪು, ಎಡಗಿವಿ ಮಾತ್ರ ಬಿಳಿ ಎಂದುಬಿಟ್ಟೆ. ಅವ್ವನಿಗೆ ಅದು ಬಹಳ ಹಿಡಿಸಿತು.

"ಚಂಪಿ ಅಂತ ಹೆಸರಿಡು ಅಂತ ಹೇಳು ಆಕಿಗಿ," ಎಂದಳು. ಆಮೇಲೆ ದಿನವೂ ಚಂಪಿಯದೇ ಮಾತು. ಹೇಳಿ ಮುಗಿಸಿ ನಾನು ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ಕೆಲವು ತಿಂಗಳ ಮೇಲೆ ಅಕ್ಕನ ಹೆಸರಿನಲ್ಲಿ ಜಂಗಮರಿಗೆ ಊಟ ಹಾಕಿಸುವುದಿತ್ತು. ಅಕ್ಕನನ್ನು ನೋಡಿ ಬರುತ್ತೇನೆಂದು ಅವ್ವನಿಗೆ ಹೇಳಿ ಕಮಲಾಪುರಕ್ಕೆ ಹೋದೆ. ಮಧ್ಯಾಹ್ನ ಊಟವಾಗಿ ಕೈ ತೊಳೆಯಲು ಹಿತ್ತಲಿಗೆ ಬಂದರೆ, ನುಗ್ಗೆ ಗಿಡದ ಬುಡದಲ್ಲಿ ಮರಿಯೊಂದು ನಿಂತಿತ್ತು. ಕಪ್ಪು ಮೈ. ಎಡಗಿವಿ ಬಿಳಿ.

"ಯಾರದೋ ಏನೋ. ಭಾಳ ದಿನ ಆತು, ಓಡಿಸಿದ್ರೂ ಹೋಗವಲ್ದು," ಎಂದ ಮಾಮಾ. ಅವನಿಗೆ ನನ್ನ ಕತೆ ಗೊತ್ತಿರಲಿಲ್ಲ. ಅದನ್ನು ಅವ್ವನಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ನನಗರಿವಿಲ್ಲದೆ "ಚಂಪಿ" ಎಂದೆ. ಮರಿ ಸೀದಾ ಬಂದು ನನ್ನ ಅಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡಿತು.

ಮರಿ ಯಾರು ಕರೆದರೂ ಬರುತ್ತದೆ, ಬಿಳಿ ಕಿವಿಯ ಮರಿಗಳು ಊರ ತುಂಬ ಇರುತ್ತವೆ. ಅಷ್ಟು ನನಗೂ ಗೊತ್ತು. ಆದರೂ ಅದು ಅಗಿಯುತ್ತಿದ್ದ ಅಂಗಿಯನ್ನು ನಾನು ಬಿಡಿಸಿಕೊಳ್ಳಲಿಲ್ಲ.

ಅಷ್ಟು ತಿಂಗಳಲ್ಲಿ ಮೊದಲ ಸಲ ಅವ್ವನಿಗೆ ಹೇಳಲು ನನ್ನ ಹತ್ತಿರ ಒಂದು ನಿಜವಿತ್ತು. ಸಂಜೆ ಮನೆಗೆ ಬಂದವನೇ, "ಅವ್ವಾ, ಚಂಪಿನ್ನ ನೋಡಿ ಬಂದೆ. ಕರದ್ರ ಬಂತು," ಎಂದೆ.

ಅವ್ವ ಚಹಾದ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಪಾಪ, ನಿಮ್ಮಕ್ಕ ಹೋದ ಮ್ಯಾಲ ಅದಕ್ಕ ಯಾರು ಮೇವು ಹಾಕ್ತಾರ, ತಮ್ಮಾ?"

"ಮಾಮಾ ಹಾಕ್ತಾನ," ಎಂದೆ.

ಯಾರು ಹೇಳಿದರು, ಯಾವಾಗಿನಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವ್ವನೂ ಇಲ್ಲ. ನಾನು ಹುಟ್ಟಿಸಿದ ಮರಿ ಆ ಹಿತ್ತಲಿಗೆ ಹೇಗೆ ಬಂತೋ ತಿಳಿಯದು. ಎಲ್ಲ ಗೊತ್ತಿದ್ದೂ ಅವ್ವ ನನ್ನ ಸುಳ್ಳುಗಳನ್ನು ಹೇಗೆ ಕೇಳುತ್ತಿದ್ದಳೋ, ಅದಂತೂ ಇವತ್ತಿಗೂ ತಿಳಿಯದು.

ಮರುದಿನ ಸಂಜೆ ಅವಳು ಎಂದಿನಂತೆಯೇ ಕೇಳಿದಳು, "ನಿಮ್ಮಕ್ಕ ಏನ್ ಮಾಡಾಕತ್ತಾಳ?" ನಾನು ಹೇಳತೊಡಗಿದೆ. ಅರ್ಧಕ್ಕೇ ಅಳು ಬಂತು. ಅವ್ವ ನನ್ನ ಕೈ ಹಿಡಿದುಕೊಂಡಳು.

"ಅಳಬ್ಯಾಡ. ಮುಂದ ಹೇಳು," ಎಂದಳು.