ಹೊಳ್ಳಿ ನೋಡು, ಡ್ಯಾನಿ

ಅಮೆರಿಕದಲ್ಲಿ ನಾನು ಮೊದಲ ಸಂಜೆ ಕಂಡದ್ದು ಹಿಂದುಹಿಂದಕ್ಕೆ ಓಡುವ ಮನುಷ್ಯನನ್ನು. ಬಸ್ಸಿಳಿದು, ಟ್ರಂಕು ಹೆಗಲಿಗೇರಿಸಿ, ಸಿಕ್ಕವರಿಗೆಲ್ಲ ವಿಳಾಸ ತೋರಿಸುತ್ತ ಆ ಮನೆಯ ಅಂಗಳಕ್ಕೆ ಕಾಲಿಟ್ಟೆ. ಒಬ್ಬ ಯುವಕ ಸೊಂಟ ತಗ್ಗಿಸಿ, ಬೆನ್ನು ನನ್ನ ಕಡೆ ಮಾಡಿಕೊಂಡು ನೇರ ನನ್ನ ಮೇಲೆಯೇ ಓಡಿ ಬರುತ್ತಿದ್ದ. ಮಹಾರಾಷ್ಟ್ರದ ಗಡಿಗಿರುವ ನಮ್ಮ ಜತ್ತ ತಾಲೂಕಿನ ಕಡೆ ಪಾದ ಹಿಂದುಮುಂದಾಗಿರುವುದು ದೆವ್ವಕ್ಕೆ ಮಾತ್ರ. ಟ್ರಂಕು ಅಲ್ಲೇ ಚೆಲ್ಲಿ ಬೇಲಿಗೆ ಅಂಟಿ ನಿಂತುಬಿಟ್ಟೆ. ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೇ ನನ್ನ ಮನೆಯೊಡತಿ ಡೋರಾ. ಓಡುತ್ತಿದ್ದವನು ಅವಳ ಒಬ್ಬನೇ ಮಗ ಡ್ಯಾನಿ.

ನಮ್ಮದು ತಿಕೋಂಡಿಯ ಕುರಿ ಕಾಯುವ ಮನೆತನ. ಉಣ್ಣೆಯ ವಿದ್ಯೆ ಕಲಿಯಲು ಸರಕಾರದ ಖರ್ಚಿನಲ್ಲಿ ನನ್ನನ್ನು ಟೆಕ್ಸಸ್ಸಿನ ಪಡುವಣದ ಒಂದು ಕಾಲೇಜಿಗೆ ಕಳಿಸಿದ್ದರು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಕುರಿ ಕಾಯುವವನ ಮಗ ಕುರಿ ನೋಡುವುದಕ್ಕೆ ಸಮುದ್ರ ದಾಟಿ ಹೋಗುತ್ತಾನೆಂದು ಸೋನ್ಯಾಳದ ಬೀಗರು ಬಿದ್ದು ಬಿದ್ದು ನಕ್ಕಿದ್ದರು. ನಗಲಿ ಬಿಡಿ, ನಗುವಂಥದೇ.

ಹೊರಡುವ ದಿನ ನನ್ನನ್ನು ಕಳಿಸಿಕೊಟ್ಟವಳು ಅಕ್ಕ ಹೊನ್ನವ್ವ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನಮ್ಮಲ್ಲಿ ದೂರದ ಪ್ರಯಾಣಕ್ಕೆ ಹೊರಟವನನ್ನು ಹಿಂದಿನಿಂದ ಯಾರೂ ಕರೆಯುವುದಿಲ್ಲ, ಅವನೂ ತಿರುಗಿ ನೋಡುವುದಿಲ್ಲ. ಅಪ್ಪಿತಪ್ಪಿ ಕರೆದರೆ ಅವನು ಮರಳಿ ಬಂದು, ಒಂದು ಗಳಿಗೆ ಕುಳಿತು, ಒಂದು ಗುಟುಕು ನೀರು ಕುಡಿದೇ ಮತ್ತೆ ಹೊರಡಬೇಕು. ಇಲ್ಲದಿದ್ದರೆ ಹೋದ ದಾರಿ ಚಲೋ ಆಗುವುದಿಲ್ಲವೆಂದು ನಂಬಿಕೆ.

"ತಮ್ಮಾ, ಹೊಳ್ಳಿ ನೋಡಬ್ಯಾಡ," ಎಂದಳು ಅಕ್ಕ. "ನಾನೂ ಕರಿಯಂಗಿಲ್ಲ. ನೆಟ್ಟಗ ಹೋಗು."

ನೆಟ್ಟಗೆ ಹೋದೆ. ಎಸ್.ಟಿ. ಬಸ್ಸು ಊರ ಸೀಮೆ ದಾಟುವವರೆಗೆ ಕುತ್ತಿಗೆ ಹೊರಳಿಸಲಿಲ್ಲ.

ಟೆಕ್ಸಸ್ ಎಂದರೆ ಬೇರೆ ಲೋಕ ಎಂದುಕೊಂಡಿದ್ದೆ. ನೋಡಿದರೆ ಜತ್ತಿನದೇ ಬಯಲು, ಅದೇ ಮುಳ್ಳುಜಾಲಿ, ಅದೇ ಕಣ್ಣಿಗೆ ಹೊಡೆಯುವ ಬಿಸಿಲು. ಆದರೆ ನಮ್ಮಲ್ಲಿ ಬಯಲಿನ ತುಂಬ ಮನುಷ್ಯರ ಮಾತಿರುತ್ತದೆ. ದನ ಕರೆಯುವವರು, ಬಾವಿಯ ಹತ್ತಿರ ಜಗಳ ತೆಗೆಯುವವರು, ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಹೋಗಿ ಬರುವವರನ್ನು ಕಾಡುವವರು. ಅಲ್ಲಿ ಗಾಳಿ ಬಿಟ್ಟರೆ ಮಾತಾಡುವವರಿಲ್ಲ. ಊಟದ್ದಂತೂ ಕೇಳಬೇಡಿ. ಮಾಂಸವೇನೋ ನಮಗೆ ಹೊಸದಲ್ಲ, ಆದರೆ ಖಾರವಿಲ್ಲದ ಮಾಂಸ ಯಾವ ಪಾಪಕ್ಕೆ? ಕಾಲೇಜಿನ ಕುರಿ ಹಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಮೆಕ್ಸಿಕೋದವರೊಬ್ಬರು ಒಂದು ದಿನ ಬುತ್ತಿ ಬಿಚ್ಚಿ 'ಟೋರ್ಟಿಯಾ' ಕೊಟ್ಟರು. ಮೆಕ್ಕೆಜೋಳದ ತೆಳು ರೊಟ್ಟಿ, ಜೊತೆಗೆ ಹಸಿಮೆಣಸಿನಕಾಯಿಯ ಚಟ್ನಿ. ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಅವರು ತಿಳಿದರು, ನಾನೂ ತಿದ್ದಲಿಲ್ಲ.

ಡೋರಾ ಗಂಡನನ್ನು ಕಳೆದುಕೊಂಡವಳು. ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಮನೆ ನಡೆಸುತ್ತಿದ್ದಳು. ಹಿತ್ತಿಲ ಕೋಣೆ ನನಗೆ ಬಾಡಿಗೆಗೆ ಕೊಟ್ಟಿದ್ದಳು. ನನ್ನನ್ನು 'ಹನಿ' ಎನ್ನುತ್ತಿದ್ದಳು. ಹಾಗೆಂದರೆ ಜೇನುತುಪ್ಪ. ಮೊದಲ ದಿನ ಕೇಳಿ ನಾಚಿ ಸತ್ತೆ. ಆಮೇಲೆ ತಿಳಿಯಿತು, ಅಲ್ಲಿ ಕಿರಾಣಿ ಅಂಗಡಿಯವಳೂ ಎಲ್ಲರನ್ನೂ ಹಾಗೆಯೇ ಕರೆಯುತ್ತಾಳೆ. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ, 'ಡೋರಾಬಾಯಿ' ಎಂದೆ. ಅವರಿಗೆ ಅದು ಭಾಳ ಹಿಡಿಸಿತು. ಇನ್ನು ಮುಂದೆ ಇಲ್ಲಿಯೂ ಅವರನ್ನು ಬಹುವಚನದಲ್ಲೇ ಬರೆಯುತ್ತೇನೆ. ಅವರು ಆಡಿದ್ದು ಇಂಗ್ಲಿಷು, ಆದರೆ ನನಗೆ ಕಿವಿಯೊಳಗೆ ಉಳಿದದ್ದು ನಮ್ಮೂರ ಮಾತಾಗಿಯೇ. ಹಾಗೆಯೇ ಬರೆಯುತ್ತಿದ್ದೇನೆ, ಒಪ್ಪಿಕೊಳ್ಳಿ.

ಇನ್ನು ಡ್ಯಾನಿಯ ಹಿಂದೋಟದ ವಿಷಯ. ಅವನು ನಮ್ಮ ಕಾಲೇಜಿನಲ್ಲೇ ಓದುತ್ತ ಅದರ ತಂಡಕ್ಕೆ ಆಡುತ್ತಿದ್ದ. ಅಲ್ಲಿ 'ಫುಟ್‌ಬಾಲ್' ಎಂದರೆ ಕಾಲಿನ ಆಟವಲ್ಲ. ಸುಲಿದ ತೆಂಗಿನಕಾಯಿಯಂತೆ ಎರಡೂ ತುದಿ ಚೂಪಾದ ಚೆಂಡನ್ನು ಒಬ್ಬ ದೂರಕ್ಕೆ ಎಸೆಯುತ್ತಾನೆ. ಅವನ ಕಡೆಯ ಇನ್ನೊಬ್ಬ ಓಡಿ ಹೋಗಿ ಹಿಡಿಯುತ್ತಾನೆ. ಆ ಹಿಡಿಯುವವನನ್ನು ಕಾಯುವುದು ಡ್ಯಾನಿಯ ಕೆಲಸ. ಅದಕ್ಕೆ 'ಡಿಫೆನ್ಸಿವ್ ಬ್ಯಾಕ್' ಎನ್ನುತ್ತಾರೆ. ಎದುರಾಳಿ ಮುಂದೆ ಓಡಿ ಬರುವಾಗ ಇವನು ಅವನಿಗೆ ಮುಖ ಕೊಟ್ಟೇ ಹಿಂದಕ್ಕೆ ಓಡಬೇಕು. ಅವನ ಕಣ್ಣು ನೋಡಬಾರದು, ಕಣ್ಣು ಸುಳ್ಳು ಹೇಳುತ್ತದೆ. ಸೊಂಟ ನೋಡಬೇಕು. ಅವನು ಸರ್ರನೆ ಪಕ್ಕಕ್ಕೆ ಹಾಯ್ದ ಕೂಡಲೇ ತಾನೂ ಸೊಂಟ ಹೊರಳಿಸಿ ಅವನ ಮೈಗೆ ಮೈ ತಾಗುವಷ್ಟು ಹತ್ತಿರ ಓಡಬೇಕು.

ನಾನು ಜತ್ತಿನ ಸಾಲೆಯಲ್ಲಿ ಹುತುತು ಆಡಿದವನು, ನೀವು ಕಬಡ್ಡಿ ಎನ್ನುತ್ತೀರಿ. ಸೊಂಟ ನೋಡುವ ವಿದ್ಯೆ ನನಗೆ ಹೊಸದೇನಲ್ಲ. ಆದರೆ ನಮ್ಮಲ್ಲಿ ಮುಟ್ಟದೆ ಆಟವೇ ಇಲ್ಲ, ಅಲ್ಲಿ ಚೆಂಡು ಬರುವ ಮೊದಲು ಅವನನ್ನು ಮುಟ್ಟಿದರೆ ಗುನ್ಹೆ. 'ಪಾಸ್ ಇಂಟರ್‌ಫಿಯರೆನ್ಸ್' ಎಂದು ಅದರ ಹೆಸರು. ಆಟದ ತೀರ್ಪು ಕೊಡುವ ಪಂಚನು ಬಣ್ಣದ ಬಟ್ಟೆಯೊಂದನ್ನು ನೆಲಕ್ಕೆ ಬಿಸಾಡುತ್ತಾನೆ, ಎದುರಾಳಿ ಚೆಂಡು ಹಿಡಿಯದಿದ್ದರೂ ಹಿಡಿದಂತೆಯೇ ಲೆಕ್ಕ. ಇದರಲ್ಲಿ ಒಂದು ಸೂಕ್ಷ್ಮವಿದೆ. ತಿರುಗಿ ಚೆಂಡನ್ನು ನೋಡುತ್ತ, ಹಿಡಿಯಲು ಹೋಗುತ್ತ ಡಿಕ್ಕಿ ಹೊಡೆದರೆ ಗುನ್ಹೆಯಲ್ಲ. ಹಾರಿ ಬರುವ ಚೆಂಡು ಯಾರಪ್ಪನ ಆಸ್ತಿಯೂ ಅಲ್ಲ, ಇಬ್ಬರಿಗೂ ಅದರ ಮೇಲೆ ಹಕ್ಕಿದೆ. ತಿರುಗಿ ನೋಡದೆ ಮನುಷ್ಯನಿಗೆ ಹಾಯ್ದರೆ ಮಾತ್ರ ತಪ್ಪು. ಆದ್ದರಿಂದ ಎದುರಾಳಿಯ ಕೈ ಮೇಲೇಳುತ್ತಲೇ ಕಾಯುವವನು ಕುತ್ತಿಗೆ ತಿರುಗಿಸಬೇಕು.

ಡ್ಯಾನಿಗೆ ಅದೊಂದೇ ಬರುತ್ತಿರಲಿಲ್ಲ.

"ನಾ ಹೊಳ್ಳಿ ನೋಡೂದ್ರಾಗ ಅವ ಪಾರಾಗಿ ಹೋದ್ರ?" ಎನ್ನುತ್ತಿದ್ದ. "ನನ್ನ ಕೈಯಾಗ ಕೊಟ್ಟವನ್ನ ನಾ ಕಣ್ಣ ಬಿಟ್ಟ ಕಾಯಬೇಕಲ್ಲ, ಸಿಡ್?" ಈ ಸಿದ್ದಪ್ಪ ಅಲ್ಲಿ ಸಿಡ್ ಆಗಿದ್ದ.

ಸಂಜೆಯಾದರೆ ಅಂಗಳದಲ್ಲಿ ಮೂವರದೂ ಆಟ. ಇಸ್ತ್ರಿ ಮಾಡಿ ಮಾಡಿ ಗಟ್ಟಿಯಾದ ತೋಳಿನಿಂದ ಡೋರಾಬಾಯಿ ಚೆಂಡು ಎಸೆಯುತ್ತಿದ್ದರು. ನಾನು ಪಾಯಜಾಮ ಏರಿಸಿಕೊಂಡು ಎದುರಾಳಿಯಾಗಿ ಓಡುತ್ತಿದ್ದೆ. ಡ್ಯಾನಿ ನನ್ನನ್ನು ಕಾಯುತ್ತಿದ್ದ. ಒಮ್ಮೆ ಚೆಂಡು ಬರುತ್ತಿದ್ದಾಗ ಗಾಬರಿಯಲ್ಲಿ ನನ್ನ ಬಾಯಿಂದ ಕನ್ನಡವೇ ಹೊರಬಿತ್ತು: "ಹೊಳ್ಳಿ ನೋಡೋ!" ಅವನು ಅರ್ಥ ಕೇಳಿ ತಿಳಿದುಕೊಂಡ, ಅವನಿಗೆ ಆ ದನಿಯೂ ಮೆಚ್ಚುಗೆಯಾಯಿತು. ಅಂದಿನಿಂದ ಡೋರಾಬಾಯಿಯೂ ಮೆಟ್ಟಿಲ ಮೇಲಿಂದ, ತಮ್ಮ ನಾಲಿಗೆ ಹೊರಳಿದಂತೆ, "ಹೋಲಿ ನೋಡು, ಡ್ಯಾನಿ!" ಎಂದು ಕೂಗುವವರೇ. ಪಕ್ಕದ ಮನೆಯವರು ಇದೇನು ಮಂತ್ರವೆಂದು ಕೇಳಿದರು. ಒಂದು ಪರದೇಶದ ಅಂಗಳದಲ್ಲಿ ತಿಕೋಂಡಿಯ ಎರಡು ಮಾತು ಬೇರು ಬಿಟ್ಟಿದ್ದವು. ಎಂಥ ಹೆಮ್ಮೆ ನನಗೆ!

ಆಟವೆಂದರೆ ಬರೀ ಆಟವಾಗಿರಲಿಲ್ಲ. ವಿಯೆಟ್ನಾಮಿನಲ್ಲಿ ಆಗ ಯುದ್ಧ. ಕಾಲೇಜಿನಲ್ಲಿ ಇರುವವರೆಗೆ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿರಲಿಲ್ಲ, ಬಿಟ್ಟರೆ ಕರೆ ಬಂದೇ ಬರುತ್ತಿತ್ತು. ಫೀ ಕಟ್ಟುವ ಶಕ್ತಿ ತಾಯಿಗೆ ಮುಗಿದಿತ್ತು. ಹಂಗಾಮಿನ ಕೊನೆಯವರೆಗೆ ಚಲೋ ಆಡಿದರೆ ಮುಂದಿನ ಟರ್ಮಿನಿಂದ ಕಾಲೇಜೇ ಓದಿಸುತ್ತದೆ ಎಂದು ಕೋಚ್ ಮಾತು ಕೊಟ್ಟಿದ್ದರು. ಡ್ಯಾನಿ ತಿರುಗಿ ನೋಡಲು ಕಲಿಯಬೇಕು, ಇಲ್ಲದಿದ್ದರೆ ಯುದ್ಧಕ್ಕೆ ಹೋಗಬೇಕು. ಆ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮೂವರಿಗೂ ಗೊತ್ತಿತ್ತು.

ಅದೇ ದಿನಗಳಲ್ಲಿ ಊರಿನಿಂದ ಕಾಗದ ಬಂತು. ಅಕ್ಕ ಹೊನ್ನವ್ವ ತೀರಿಕೊಂಡಿದ್ದಳು. ಜ್ವರ ಬಂದು ಹೋಗಿ, ಮತ್ತೆ ಬಂದು, ಆಕೆಯನ್ನೇ ಕರೆದುಕೊಂಡು ಹೋಗಿತ್ತು. ಕಾಗದ ನನ್ನ ಕೈಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಎಷ್ಟೋ ದಿನಗಳಾಗಿದ್ದವು. ಹಿತ್ತಿಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಅವಳ ಕೊನೆಯ ಮುಖ ನೆನೆಯಲು ನೋಡಿದೆ. ಸಿಗಲಿಲ್ಲ. ಬಾಗಿಲಲ್ಲಿ ನಿಂತು ಅವಳು ಅತ್ತಳೋ, ಸೆರಗು ಕಚ್ಚಿಕೊಂಡಳೋ, ನನಗೆ ಗೊತ್ತಿಲ್ಲ. ನನ್ನನ್ನು ಸಾಕಿದವಳಿಗೆ ನಾನು ಕೊಟ್ಟು ಬಂದದ್ದು ಬರೀ ಬೆನ್ನು. ಡೋರಾಬಾಯಿ ಒಳಗೆ ಬಂದು ಪಕ್ಕದಲ್ಲಿ ಕುಳಿತರು, ಕತ್ತಲಾಗುವವರೆಗೆ ಏಳಲಿಲ್ಲ.

ಹಂಗಾಮಿನ ಕೊನೆಯ ಪಂದ್ಯಕ್ಕೆ ನಾನೂ ಅವರೂ ಹೋದೆವು. ಜನ ಅಂದರೆ ಜನ. ಡ್ಯಾನಿ ಅಂದು ಹುಲಿಯಂತೆ ಆಡಿದ. ಆಟ ಮುಗಿಯುತ್ತ ಬಂದಾಗ ಇವನ ಕಡೆಯವರೇ ಮುಂದಿದ್ದರು. ಆಗ ಎದುರಿನವರು ಒಂದು ಉದ್ದ ಚೆಂಡು ಎಸೆದರು. ಡ್ಯಾನಿ ತನ್ನ ಪಾಲಿನವನ ಪಕ್ಕಕ್ಕೇ ಇದ್ದ, ನೆರಳು ಕೂಡ ಅಷ್ಟು ಹತ್ತಿರ ಓಡುವುದಿಲ್ಲ. ಆ ಮನುಷ್ಯನ ಕೈ ಮೇಲೆದ್ದಿತು. ಡೋರಾಬಾಯಿ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದರು, "ಹೋಲಿ ನೋಡು!"

ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ಅವನು ತಿರುಗಲಿಲ್ಲ. ಕಣ್ಣು ಕೀಳದೆ ಆ ಮನುಷ್ಯನನ್ನೇ ನೋಡುತ್ತ ಅವನ ಎದೆಗೆ ಎದೆ ಕೊಟ್ಟ. ಚೆಂಡು ಆಮೇಲೆ ಬಂದು ಡ್ಯಾನಿಯ ಬೆನ್ನಿಗೇ ಬಡಿದು ಬಿತ್ತು. ಪಂಚನ ಬಟ್ಟೆ ಹುಲ್ಲಿನ ಮೇಲೆ ಬಿದ್ದಿತ್ತು. ಅಲ್ಲಿಂದಲೇ ಆಟ ಮುಂದುವರಿಸಿ ಅವರು ಗೆದ್ದರು. ತಿರುಗಿದ್ದರೆ ಚೆಂಡು ಅವನ ಕೈಯಲ್ಲೇ ಇರುತ್ತಿತ್ತು.

ಕೋಚ್ ಬಯ್ಯಲಿಲ್ಲವಂತೆ. ಆ ಜಾಗ ಬೇರೆಯವನಿಗೆ ಕೊಟ್ಟೆನೆಂದು ಮೆಲ್ಲಗೆ ಹೇಳಿದರಂತೆ. ಟರ್ಮು ಮುಗಿಯಿತು, ಫೀ ಕಟ್ಟಲಾಗದೆ ಕಾಲೇಜು ತಪ್ಪಿತು. ಡ್ಯಾನಿ ಪಶುಗಳ ಮೇವಿನ ಅಂಗಡಿಯಲ್ಲಿ ಚೀಲ ಹೊರಲು ಹೋದ. ಸಂಜೆ ಅಂಗಳ ಖಾಲಿ. ವಸಂತ ಕಳೆಯುವ ಮೊದಲೇ ಸೈನ್ಯದ ಕರೆ ಬಂತು.

ಹೊರಟ ಬೆಳಿಗ್ಗೆ ಬಸ್ಸಿನವರೆಗೆ ಬರಬೇಡಿರೆಂದು ತಾಯಿಗೆ ಹೇಳಿದ. ಉಳಿದ ಹುಡುಗರ ಮುಂದೆ ಕಣ್ಣೀರು ಬೇಡವೆಂದು. ನಾವಿಬ್ಬರೂ ಪಡಸಾಲೆಯಲ್ಲಿ ನಿಂತೆವು. ಅವನು ಸಣ್ಣ ಚೀಲ ಹಿಡಿದು, ಬೀದಿಯ ಕೊನೆಗೆ ನಿಂತಿದ್ದ ಬಸ್ಸಿನ ಕಡೆ ನೆಟ್ಟಗೆ ನಡೆದ. ಕುತ್ತಿಗೆ ಹೊರಳಿಸಲಿಲ್ಲ. ಡೋರಾಬಾಯಿ ಕಂಬ ಹಿಡಿದುಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ. ಇವರಿಗೂ ಬರೀ ಬೆನ್ನೇ ಉಳಿಯಬೇಕೇ?

"ಡ್ಯಾನೀ! ಹೊಳ್ಳಿ ನೋಡೋ!"

ಅವನು ತಿರುಗಿದ. ಮೊದಲು ಗಾಬರಿಯಾದವನು ಆಮೇಲೆ ನಕ್ಕ. ಸೊಂಟ ತಗ್ಗಿಸಿ, ಮುಖ ನಮ್ಮ ಕಡೆಗೇ ಇಟ್ಟುಕೊಂಡು, ನಾನು ಮೊದಲ ದಿನ ಕಂಡಂತೆಯೇ ಹಿಂದುಹಿಂದಕ್ಕೆ ಓಡುತ್ತ ಹೋದ. ಡೋರಾಬಾಯಿ ಅಳುತ್ತಲೇ ನಕ್ಕರು. ಆಗ ನನಗೆ ನೆನಪಾಯಿತು. ಅಯ್ಯೋ, ಹೊರಟವನನ್ನು ಹಿಂದಿನಿಂದ ಕರೆದುಬಿಟ್ಟೆ! ಅವನು ಮರಳಿ ಬಂದು ಕೂರಬೇಕು, ನೀರು ಕುಡಿಯಬೇಕು. ಯಾರಿಗೂ ಏನೂ ಹೇಳದೆ ಅಡುಗೆಮನೆಗೆ ಓಡಿ, ಗ್ಲಾಸಿನಲ್ಲಿ ನೀರು ಹಿಡಿದು, ಚೆಲ್ಲುತ್ತ ಬೀದಿಗೆ ಬಂದೆ. ಬಸ್ಸು ಹೋಗಿತ್ತು, ಧೂಳು ಮಾತ್ರ ಇತ್ತು.

ಮುಂದಿನ ವರ್ಷ ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಟ್ಟೆಯ ಇಬ್ಬರು ಸೈನಿಕರು ಮೆಟ್ಟಿಲೇರಿ ಬಂದರು. ಅವರು ಟೋಪಿ ತೆಗೆದದ್ದನ್ನು ನೋಡಿಯೇ, ಮಗ ಇನ್ನು ಮರಳುವುದಿಲ್ಲವೆಂದು ಡೋರಾಬಾಯಿಗೆ ತಿಳಿಯಿತು.

ಎಷ್ಟೋ ವಾರಗಳ ಮೇಲೆ ಅದೇ ಮೆಟ್ಟಿಲ ಮೇಲೆ ಕುಳಿತಿದ್ದಾಗ ಅವರು ಕೇಳಿದರು. "ಆವತ್ತ ನೀ ನೀರ ತುಂಬಕೊಂಡ ಯಾಕ ಓಡಿದಿ, ಹನಿ?"

ಹೇಳಲೋ ಬೇಡವೋ ಎಂದು ಒದ್ದಾಡಿ ಕಡೆಗೆ ಪದ್ಧತಿಯನ್ನೆಲ್ಲ ಹೇಳಿದೆ. "ಕರೀಬಾರದಿತ್ತರಿ, ಕರದೆ. ನೀರೂ ಕುಡಸಲಿಲ್ಲ," ಎಂದೆ.

ಅವರು ಬೀದಿಯ ಕೊನೆಯತ್ತ ನೋಡಿದರು.

"ಮರಳಿ ಬಂದು, ಕುಂತು, ನೀರ ಕುಡದಿದ್ರ," ಎಂದರು, "ಬಸ್ಸು ತಪ್ಪತಿತ್ತಲ್ಲ?"

"ತಪ್ಪತಿತ್ತರಿ."

"ಹಂಗಾದ್ರ ಭಾಳ ಚಲೋ ಪದ್ಧತಿ ಅದು," ಎಂದರು. ಮತ್ತೆ, "ಅವನ ಮಾರಿ ನೋಡಾಕಾದ್ರೂ ನನಗ ಸಿಕ್ಕಿತು," ಎಂದರು.

ಓದು ಮುಗಿದು ನನಗೆ ಅಲ್ಲಿಯ ಕುರಿ ಹಟ್ಟಿಯಲ್ಲೇ ಕೆಲಸವಾಯಿತು. ಹಿತ್ತಿಲ ಕೋಣೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆಗೀಗ ತಿಕೋಂಡಿಗೆ ಬರುತ್ತೇನೆ. ಹಾಗೆ ಹೊರಟಾಗಲೆಲ್ಲ ಡೋರಾಬಾಯಿ ನಾನು ಬೇಲಿ ದಾಟುವವರೆಗೆ ಕಾದು, ಬೇಕಂತಲೇ ಹಿಂದಿನಿಂದ ಕೂಗುತ್ತಾರೆ: "ಹೋಲಿ ನೋಡು!" ನಾನು ಮರಳಿ ಹೋಗಿ ಮೆಟ್ಟಿಲ ಮೇಲೆ ಕುಳಿತು ನೀರು ಕುಡಿಯುತ್ತೇನೆ. ಒಮ್ಮೆ ಬಸ್ಸು ತಪ್ಪಿಯೂ ಹೋಯಿತು. ಅಂದು ಅವರು ಪಟ್ಟ ಸಂತೋಷ ನೋಡಬೇಕಿತ್ತು.

ತಿಕೋಂಡಿಯಿಂದ ಹೊರಡುವಾಗ ಮಾತ್ರ ಯಾರೂ ಕರೆಯುವುದಿಲ್ಲ. ಅಕ್ಕನ ಮಗಳು ಕಲ್ಲವ್ವ ಬಾಗಿಲಲ್ಲಿ ನಿಂತು, "ನೆಟ್ಟಗ ಹೋಗ್ರಿ ಮಾಮಾ," ಎನ್ನುತ್ತಾಳೆ. ಹಳೆಯ ಪದ್ಧತಿ, ಪ್ರೀತಿಯಿಂದಲೇ ಹೇಳುತ್ತಾಳೆ. ನಾನು ನೆಟ್ಟಗೆ ಹೋಗುತ್ತೇನೆ. ಎಸ್.ಟಿ. ಬರುವವರೆಗೂ ನನ್ನ ಕಿವಿ ಹಿಂದೆಯೇ ಇರುತ್ತದೆ.