ಮೂರನೇ ಮಾಳಿಗೆಯ ಸಾರಣೆ

ಟಣ್, ಟಣ್, ಟಣ್ ಎಂದು ಗುಡ್ಡದ ಕಡೆಯಿಂದ ಕಬ್ಬಿಣದ ಸದ್ದು ಬಂತು. ಕಲ್ಲಿಗೆ ಮದ್ದು ಸಿಡಿಸುವ ಮುಂಚೆ ಕ್ವಾರಿಯವರು ನೇತುಹಾಕಿದ ಕಂಬಿಯ ತುಂಡನ್ನು ಬಡಿಯುತ್ತಿದ್ದರು. ಸುಂದ್ರವ್ವ ಒಲೆಯ ಮೇಲಿನ ಹಂಚನ್ನು ಕೆಳಗಿಳಿಸಿ, ನೀರಿನ ಕೊಡಕ್ಕೆ ತಾಟು ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಸ್ವಲ್ಪ ಹೊತ್ತಿಗೆ ಗುಡ್ಡ ಒಮ್ಮೆ ಕೆಮ್ಮಿತು. ನೆಲ ಅದುರಿತು, ತಲೆಯ ಮೇಲಿನ ಜಿನೆಯ ಮೆಟ್ಟಿಲುಗಳ ಅಡಿಯಿಂದ ಸಣ್ಣ ಮರಳು ಉದುರಿತು. ಅವಳು ತಾಟಿನ ಮೇಲಿನ ಮರಳನ್ನು ಊದಿ, ಹಂಚನ್ನು ಮತ್ತೆ ಒಲೆಗೇರಿಸಿ, ರೊಟ್ಟಿ ಬಡಿಯತೊಡಗಿದಳು. ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಗಂಡ ಬಂಡೆಪ್ಪ ತಿರುಗಿಯೂ ನೋಡಲಿಲ್ಲ. ಅವನು ಅವಳೊಡನೆ ಮಾತು ಬಿಟ್ಟು ಎಷ್ಟೋ ದಿನವಾಗಿತ್ತು.

ಮುಂಬಯಿಯ ಮುಲುಂಡಿನಲ್ಲಿ ಆ ವರ್ಷಗಳಲ್ಲಿ ಒಡೆದ ಗುಡ್ಡವೇ ಲಾರಿಯಲ್ಲಿ ಇಳಿದು ಬರುತ್ತಿತ್ತು, ಬಿಲ್ಡಿಂಗಾಗಿ ಎದ್ದು ನಿಲ್ಲುತ್ತಿತ್ತು, ಮತ್ತೆ ಗುಡ್ಡದ ಕಡೆಗೇ ಹತ್ತುತ್ತ ಹೋಗುತ್ತಿತ್ತು. ಸಿಂದಗಿ ಕಡೆಯಿಂದ ಮದುವೆಯಾದ ಹೊಸದರಲ್ಲಿ ಬಂದ ಸುಂದ್ರವ್ವ ಮೊದಲು ಒಲೆ ಹೂಡಿದ್ದು ಸ್ಟೇಶನ್ನಿನ ಹತ್ತಿರ. ಅಲ್ಲಿಂದ ಬಿಲ್ಡಿಂಗು ಬಿಲ್ಡಿಂಗು ದಾಟುತ್ತ ಮೇಲೆ ಮೇಲೆ ಬಂದಳು. ಕಟ್ಟುವವರು ಕಟ್ಟುವ ಮನೆಯಲ್ಲೇ ಇರುವುದು ಅಲ್ಲಿನ ಪದ್ಧತಿ. ಕದವಿಲ್ಲದ ಬಾಗಿಲಿಗೆ ಗೋಣಿಯ ಪರದೆ, ಕಿಟಕಿಯ ಜಾಗದಲ್ಲಿ ಇಟ್ಟಿಗೆ, ಮೂಲೆಯಲ್ಲಿ ಮೂರು ಕಲ್ಲು. ಬಡಗಿಗಳು ಕದ ಕೂಡಿಸಲು ಬಂದರೆಂದರೆ ಗಂಟು ಕಟ್ಟಬೇಕು. ಕದ ಇರುವ ಮನೆಯಲ್ಲಿ ಅವಳು ಮುಂಬಯಿಗೆ ಬಂದಮೇಲೆ ಒಂದು ರಾತ್ರಿಯೂ ಮಲಗಿರಲಿಲ್ಲ.

ಅವಳ ಕೆಲಸ ನೀರು ಹೊಡೆಯುವುದು. ಹೊಸ ಸ್ಲ್ಯಾಬ್ ಹಾಕಿದ ಮರುದಿನದಿಂದ ಅದರ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ, ಸಿಮೆಂಟು ಬಿರಿಯದಂತೆ ನೀರು ನಿಲ್ಲಿಸಬೇಕು. ಬಿಸಿಲೇರುವ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ. ಊರಲ್ಲಿ ಮೆಣಸಿನ ಸಸಿಯ ಮಡಿಗೆ ನೀರು ಹಾಯಿಸಿದವಳಿಗೆ ಅದು ಹೊಸ ಕೆಲಸವೇನೂ ಆಗಿರಲಿಲ್ಲ. ಎಷ್ಟು ನೀರು ಕುಡಿದರೂ ಅಲ್ಲಿ ಒಂದು ಎಲೆ ಚಿಗುರುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಂಡೆಪ್ಪ ಈ ಬಿಲ್ಡಿಂಗಿನಲ್ಲೇ ಬಿದ್ದ. ಗೋಡೆಗೆ ಗಿಲಾವು ಬಳಿಯುವಾಗ, ನಿಂತಿದ್ದ ಪರಾಂಚಿಯ ಬಿದಿರು ಜಾರಿ, ಸೊಂಟದ ಎಲುಬು ಮುರಿಯಿತು. ಕೂಡಿತಾದರೂ ಒಂದು ಕಾಲು ಹಿಂದೆ ಉಳಿಯಿತು. ಆಗ ಕೂಲಿಯವರ ಮುಕಾದಮ ಮುರಿಗೆಪ್ಪ, ಅವರ ಕಡೆಯವನೇ, ಆಸ್ಪತ್ರೆಯ ಕಾಟಿನ ಮಗ್ಗುಲಲ್ಲಿ ಕೂತು ಧೈರ್ಯ ಹೇಳಿದ್ದ.

“ಜಿನೆದ ಕೆಳಗ ಒಂದು ಖೋಲಿ ಐತಿ. ಸೊಸೈಟಿಯವರಿಗೆ ವಾಚ್‌ಮನ್ ಬೇಕಽ ಬೇಕು. ಬಂಡೆಪ್ಪನ ಹೆಸರು ಹೇಳಿಟ್ಟೀನಿ. ಮಳಿಗಾಲದಾಗ ನೀವು ಊರಿಗೆ ಹೋಗಬ್ಯಾಡ್ರಿ ಮತ್ತ, ಮಾಲು ಕಾಯ್ರಿ.”

ಉಳಿದವರೆಲ್ಲ ಬಿತ್ತನೆಗೆಂದು ಊರಿಗೆ ಹೋದರು. ಇವರಿಬ್ಬರೇ ಮೂರನೇ ಮಾಳಿಗೆಯಲ್ಲಿ ಒಲೆ ಹೂಡಿಕೊಂಡು, ಗುಡ್ಡದಿಂದ ಇಳಿದು ಬರುವ ಕೆಂಪು ನೀರನ್ನು ಮಗ್ಗುಲಿನ ಹೊಸ ಪಾಯದ ಗುಂಡಿಗಳಿಂದ ತೋಡಿ ಹಾಕುತ್ತ, ಸಿಮೆಂಟಿನ ಚೀಲಗಳನ್ನು ಕಾಯ್ದರು. ಜಿನೆಯ ಕೆಳಗಿನ ಖೋಲಿಯನ್ನು ಸುಂದ್ರವ್ವ ಆಗಾಗ ಇಳಿದು ಹೋಗಿ ನೋಡಿ ಬರುತ್ತಿದ್ದಳು. ನಡು ಬಗ್ಗಿಸಿಯೇ ಒಳಗೆ ಹೋಗಬೇಕು. ಆದರೆ ಅದಕ್ಕೆ ಒಂದು ಕದ ಬರಲಿತ್ತು.

ತಪ್ಪಾದದ್ದು ಆಮೇಲೆ. ಉಂಡು ಎದ್ದ ಜಾಗ ಎಂಜಲು, ಅದನ್ನು ಸೆಗಣಿಯಿಂದ ಸಾರಿಸದೆ ಬಿಡಬಾರದು ಎಂದು ತಿಳಿದು ಬೆಳೆದವಳು ಅವಳು. ಯಾವ ಬಿಲ್ಡಿಂಗು ಬಿಡುವಾಗಲೂ ಒಲೆಯ ಮೂಲೆಯನ್ನು, ಉಂಡ ಜಾಗವನ್ನು ಸಾರಿಸಿಯೇ ಗಂಟು ಹೊತ್ತಿದ್ದಳು. ಅದರ ಮೇಲೆ ಫರಸಿಯವರು ಬಂದು ನೆಲ ಹಾಸುತ್ತಿದ್ದರು. ಈ ಸಲ ಅವರು ಹೇಳದೆ ಕೇಳದೆ ಬಂದು, ಪಾತ್ರೆ ಪಡಗ ಹೊರಗಿಟ್ಟು, ಅವತ್ತೇ ಕೆಲಸ ಶುರುಮಾಡಿದರು. ಇವರು ಜಿನೆಯ ಕೆಳಗಿನ ಖೋಲಿಗೆ ಇಳಿದರು. ಬಿಳಿ ಮೊಸಾಯಿಕ್ ನೆಲ ಬಂತು, ಪಾಲಿಶ್ ಆಯಿತು, ಮೇಲಿನ ಮನೆಗಳಿಗೆ ಕದಗಳೂ ಬಂದವು. ಒಂದು ಮಳೆಗಾಲವಿಡೀ ಉಂಡ ಜಾಗ ಮಾತ್ರ ಅಡಿಯಲ್ಲಿ ಹಾಗೇ ಉಳಿಯಿತು.

ಆ ಮನೆ ತೆಗೆದುಕೊಂಡವರು ಉಡುಪಿ ಕಡೆಯ ರಮಾನಾಥರು. ಮಾಟುಂಗದಲ್ಲಿ ಅವರದೊಂದು ಹೋಟೆಲು. ಬಿಲ್ಡಿಂಗಿನಲ್ಲಿ ಮನೆ ಕೊಂಡವರ ಸೊಸೈಟಿಗೆ ಅವರೇ ಸೆಕ್ರೆಟರಿ. ಹೆಂಡತಿ ರಾಜೀವಿ ಮನೆ ನೋಡಲು ಬಂದಾಗೆಲ್ಲ ಸುಂದ್ರವ್ವನೊಡನೆ ಕನ್ನಡ ಮಾತಾಡುವರು. ಇವಳ ‘ಹೌದ್ರಿ’ ಕೇಳಿ ಅವರು ನಗುವರು, ಅವರ ‘ಉಂಟು’ ಕೇಳಿ ಇವಳು. ಶುಕ್ರವಾರ ಹಾಲು ಉಕ್ಕಿಸುತ್ತಾರೆ ಎಂದು ತಿಳಿದಾಗ ಸುಂದ್ರವ್ವನಿಗೆ ಸಂಕಟವಾಯಿತು. ತನ್ನ ಎಂಜಲಿನ ಮೇಲೆ ಅವರು ದೇವರನ್ನು ಕೂಡಿಸುತ್ತಾರಲ್ಲ. ಸುತ್ತಮುತ್ತಲ ತಬೇಲಗಳಲ್ಲಿ ಬರೀ ಎಮ್ಮೆ. ರೈಲ್ವೆ ಗೇಟಿನಾಚೆಯ ಹಳ್ಳಿಯ ತನಕ ನಡೆದು ಆಕಳ ಸೆಗಣಿ ತಂದಳು. ಗುರುವಾರ ಮಧ್ಯಾಹ್ನ, ಬಣ್ಣದವರು ಉಣ್ಣಲು ಇಳಿದಾಗ, ಹೊಳೆಯುವ ಬಿಳಿ ನೆಲವನ್ನು ಅಡಿಗೆಮನೆಯಿಂದ ಪಡಸಾಲೆಯ ತನಕ ಸಾರಿಸಿದಳು. ಬಾಗಿಲಲ್ಲಿ ರಂಗೋಲಿ ಎಳೆದಳು. ರಾಜೀವಿ ಅಕ್ಕಾರು ನೋಡಿದರೆ ಸಂತೋಷಪಡುತ್ತಾರೆ, ಖೋಲಿಯ ಮಾತಿಗೂ ಒಂದು ಬಲ ಬರುತ್ತದೆ ಎಂಬ ಆಸೆಯೂ ಅದರಲ್ಲಿ ಸೇರಿತ್ತು.

ಮರುದಿನ ಸೆಗಣಿಯ ಹೆಕ್ಕಳೆ ಗುಡಿಸಿದರೆ ಹೋಯಿತು, ಬಣ್ಣ ಹೋಗಲಿಲ್ಲ. ಬಿಳಿ ಸಿಮೆಂಟು ಅದನ್ನು ಕುಡಿದುಬಿಟ್ಟಿತ್ತು. ಸೋಡಾ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದರೂ ಅವಳ ಕೈ ಬಳಿದ ಅರ್ಧಚಂದ್ರಗಳು ಒಂದರ ಬೆನ್ನಿಗೊಂದು ಹಸಿರು ಹಳದಿಯಾಗಿ ಹಾಗೇ ನಿಂತವು. ರಮಾನಾಥರು ಮುಖ ಬಿಗಿದು ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು. ಅವತ್ತು ಬಂಡೆಪ್ಪ ಒಂದೇ ಮಾತು ಆಡಿದ್ದ: “ಖೋಲಿ ಹೋತು. ನಿನ್ನ ಕೈಲೇ ಹೋತು.” ಆಮೇಲೆ ಬಾಯಿ ಮುಚ್ಚಿಕೊಂಡವನು ತೆರೆದಿರಲಿಲ್ಲ.

ಈಗ ಗುಡ್ಡದ ಇನ್ನಷ್ಟು ಮೇಲೆ ಹೊಸ ಬಿಲ್ಡಿಂಗು ಏಳುತ್ತಿತ್ತು. ಮೊನ್ನೆ ಅಲ್ಲಿ ಸ್ಲ್ಯಾಬ್ ಹಾಕಿದ್ದರು. ರೊಟ್ಟಿ ಮುಗಿಸಿ ಅಲ್ಲಿಗೆ ನೀರು ಹೊಡೆಯಲು ಹೋಗಬೇಕೆಂದು ಅವಳು ಕೈ ತೊಳೆಯುತ್ತಿರುವಾಗಲೇ ಕೈಗಾಡಿಯೊಂದು ಜಿನೆಯ ಎದುರು ಬಂದು ನಿಂತಿತು. ಅದರ ಮೇಲೆ ಹಸಿರು ಬಣ್ಣದ ಪಂಪು. ಹಮಾಲರು ಖೋಲಿಯೊಳಗೆ ಇಣುಕಿ, ಬಾಯೀ, ಸಾಮಾನು ತೆಗೆಯಿರಿ ಎಂದರು. ಹಿಂದೆಯೇ ರಮಾನಾಥರೂ ರಾಜೀವಿಯೂ ಇಳಿದು ಬಂದರು.

ಸುಂದ್ರವ್ವ ಒದ್ದೆ ಕೈಯನ್ನೇ ಜೋಡಿಸಿದಳು. ಎಷ್ಟೋ ದಿನದಿಂದ ಒಳಗೇ ಹೇಳಿಕೊಂಡಿದ್ದ ಮಾತು ಹೊರಗೆ ಬಂತು.

“ಅಣ್ಣಾರ, ನೆಲಾ ಕೆಡಿಸಿದಾಕಿ ನಾ. ಸಿಟ್ಟಿದ್ರ ನನ್ನ ಮ್ಯಾಲ ಇರಲಿ. ನಮ್ಮ ಮನಿಯವರಿಗೆ ಇನ್ನ ಗುಡ್ಡಾ ಹತ್ತಾಕ ಆಗೂದಿಲ್ರಿ.”

ರಮಾನಾಥರಿಗೆ ಮೊದಲು ಅರ್ಥವೇ ಆಗಲಿಲ್ಲ. “ನೆಲವಾ? ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ್ತಿ? ಇದು ಪಂಪಿನ ಕೋಣೆ. ಮೊದಲಿಂದಲೂ ಪಂಪಿಗೇ ಇದ್ದದ್ದು.”

“ಮುರಿಗೆಪ್ಪಣ್ಣಾ ನಿಮಗ ಹೇಳೀನಿ ಅಂದಿದ್ದನ್ರಿ...”

“ಯಾರು, ಮುಕಾದಮನಾ? ನನ್ನ ಹತ್ತಿರ ಯಾರೂ ಏನೂ ಹೇಳಲಿಲ್ಲ. ವಾಚ್‌ಮನ್ ಬರುವ ತಿಂಗಳು ಬರ್ತಾನೆ, ಒಬ್ಬನೇ. ಅವನಿಗೂ ಇಲ್ಲಿ ರೂಮಿಲ್ಲ, ಬೆಂಚು ಮಾತ್ರ.”

ರಾಜೀವಿ ನಡುವೆ ಬಂದು ಅವಳ ಒದ್ದೆ ಕೈ ಹಿಡಿದುಕೊಂಡರು. “ಆ ಕಲೆ ವಿಷಯ ನೀನು ಇನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದೀಯಾ? ಮೊನ್ನೆ ನಮ್ಮ ಅತ್ತೆ ಊರಿಂದ ಬಂದವರು ಅದರ ಮೇಲೆಯೇ ಮಣೆ ಹಾಕಿ ಕೂತ್ಕೊಳ್ತಾರೆ. ಈ ಮನೆಯಲ್ಲಿ ನೆಲ ಅಂತ ಅನ್ನಿಸುವುದು ಇಷ್ಟು ಜಾಗ ಮಾತ್ರ ಅಂತಾರೆ.”

ಸುಂದ್ರವ್ವ ನಕ್ಕಳೋ ಇಲ್ಲವೋ. ಎದೆಯ ಮೇಲಿದ್ದ ಕಲ್ಲು ಇಳಿದದ್ದು ನಿಜ. ಆದರೆ ಅದು ಇಳಿದ ಜಾಗದಲ್ಲಿ ಏನೂ ಇರಲಿಲ್ಲ. ಖೋಲಿ ತನ್ನ ಕೈಯಿಂದ ಹೋಗಿದ್ದರೆ ಒಂದು ಕಾಲಕ್ಕೆ ಕೈಯಲ್ಲಿತ್ತು ಅಂತಾದರೂ ಆಗುತ್ತಿತ್ತು. ಅವಳು ಬಂಡೆಪ್ಪನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ, ಗೋಡೆ ಹಿಡಿದು ಎದ್ದ. ಒಳಗೆ ಬಗ್ಗಿ ಬಿಸಿ ಹಂಚನ್ನು ಪಂಚೆಯ ತುದಿಯಿಂದ ಹಿಡಿದು ತಾನೇ ಹೊರಗೆ ತಂದಿಟ್ಟ.

“ರೊಟ್ಟಿ ತಿಂದು ಹೋಗು,” ಎಂದ.

ಅವಳು ಒಲೆಯ ಬೂದಿಯನ್ನು ಒಂದು ಕಡೆ ತಳ್ಳಿ, ಮೂರು ಕಲ್ಲನ್ನು ಎತ್ತಿ ಬಾಗಿಲ ಹೊರಗಿಟ್ಟಳು. ಉಂಡ ಜಾಗ ಹಾಗೇ ಇತ್ತು. ಹಮಾಲರು ಪಂಪಿಗೆ ಹಗ್ಗ ಬಿಗಿಯುತ್ತಿದ್ದರು. ಒಂದು ಗಳಿಗೆ ನಿಂತು ಆ ಎಂಜಲು ಜಾಗವನ್ನು ನೋಡಿದಳು. ಸೆಗಣಿ ತರಲು ಹೋಗಲಿಲ್ಲ.

ರಮಾನಾಥರು ಒಳ್ಳೆಯ ಮನುಷ್ಯರು, ಏನಾದರೂ ದಾರಿ ಹುಡುಕಬೇಕೆಂದು ಮಾತು ಮುಂದುವರಿಸಿದ್ದರು. ಮಾಟುಂಗದ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸವಿತ್ತು, ಕೂತು ಮಾಡುವಂಥದು, ಬಂಡೆಪ್ಪನಿಗೆ ಆಗಬಹುದು. ರಾಜೀವಿ ತಮ್ಮ ಮನೆಯ ಪಾತ್ರೆಯ ಕೆಲಸದ ಮಾತು ಸೇರಿಸಿದರು. ಸುಂದ್ರವ್ವ ಗುಡ್ಡದ ಕಡೆ ನೋಡಿದಳು. ಬಿಸಿಲು ಮೇಲಿನ ಸ್ಲ್ಯಾಬಿನ ಅಂಚಿಗೆ ಬಂದಿತ್ತು. ಬದುಗಳಲ್ಲಿ ನೀರು ಇಂಗಿರಬೇಕು. ಅವಳು ಒಂದು ರೊಟ್ಟಿ ಮಡಚಿ ಸೆರಗಿಗೆ ಕಟ್ಟಿಕೊಂಡು, ಕೊಡ ಎತ್ತಿ ಸೊಂಟಕ್ಕೇರಿಸಿದಳು.

“ಆದರೆ ಒಂದು ವಿಷಯ ಈಗಲೇ ಹೇಳ್ತೇನೆ,” ರಮಾನಾಥರು ಬಂಡೆಪ್ಪನ ಕಡೆಗೂ ಅವಳ ಕಡೆಗೂ ನೋಡುತ್ತ ಅನ್ನುತ್ತಿದ್ದರು, “ಅಲ್ಲಿ ಹುಡುಗರೆಲ್ಲ ಹೋಟೆಲಿನಲ್ಲೇ ಮಲಗುವುದು, ಸಂಸಾರ ಇಟ್ಟುಕೊಳ್ಳಲಿಕ್ಕೆ...”

ಅವಳು ಆಗಲೇ ಜಲ್ಲಿಯ ರಾಶಿ ದಾಟಿ, ಗುಡ್ಡದ ದಾರಿ ಹತ್ತುತ್ತಿದ್ದಳು.