ಅಕ್ಕೋರ ತೊಟ್ಟಿಯೊಳಗಿನ ಮರಳು

ಹಲ್ಲಿನ ದವಾಖಾನೆಯಲ್ಲಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲೇ ಮೀನಿನ ಗಾಜಿನ ತೊಟ್ಟಿ. ಪಾಚಿಗಟ್ಟಿದ ನೀರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬೀಳಗಿಯ ನಮ್ಮ ಬಾಜೂ ಮನೆಯ ಅಕ್ಕೋರು ನೆನಪಾದರು…

ಮದುವೆಯಾಗಿ ಜಮಖಂಡಿಯಿಂದ ಆಗಷ್ಟೇ ಬಂದಿದ್ದೆ ನಾನು. ಅಕ್ಕೋರು ಕನ್ನಡ ಸಾಲಿಯಲ್ಲಿ ಕಲಿಸುತ್ತಿದ್ದರು, ಮನೆಯಲ್ಲಿ ಒಬ್ಬರೇ. ಅನಗವಾಡಿ ಕಡೆಯ ಅವರ ಹೊಲ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. ಅವರ ಯಜಮಾನರನ್ನು ಮಣ್ಣು ಮಾಡಿದ್ದು ಅದೇ ಹೊಲದಲ್ಲಿ. ನೀರು ಏರುವ ಮೊದಲು ಸಮಾಧಿಯ ತಲೆಯ ಕಡೆಗಿದ್ದ ಸಣ್ಣ ಕರಿಕಲ್ಲೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಅದನ್ನಿಟ್ಟದ್ದು ದೇವರ ಜಗುಲಿಯ ಮೇಲಲ್ಲ, ಪಡಸಾಲೆಯ ಮೀನಿನ ತೊಟ್ಟಿಯೊಳಗೆ, ಹೊಳೆಯ ಮರಳಿನ ಮೇಲೆ.

ಒಮ್ಮೆ ಬಿಜಾಪುರದಿಂದ ನೀರು ತಿರುಗಿಸುವ ಎರಡು ಪುಟ್ಟ ಪಂಪು ತಂದರು.

"ಹೊಳಿ ನಿಂತಬಿಟ್ಟೈತಿ ತಂಗಿ. ನಮ್ಮ ಯಜಮಾನರಿಗೆ ಹರಿಯೋ ನೀರಂದ್ರ ಜೀವ. ಇಲ್ಲ್ಯರ ಹರೀಲಿ."

ಇಬ್ಬರೂ ಕೂಡಿ ಎಡಗಡೆಯ ಗಾಜಿನ ಒಳಮೈಯನ್ನು ಒರೆಸಿ ಪಾಚಿ ತೆಗೆದೆವು. ಪಂಪಿನ ಬೆನ್ನಿಗಿದ್ದ ರಬ್ಬರ್ ಬಟ್ಟಲುಗಳನ್ನು ಒತ್ತಿ ಅಂಟಿಸಿದೆವು. ಒಂದು ಮೇಲೆ, ಇನ್ನೊಂದು ಕೆಳಗೆ, ಮರಳಿಗೆ ತಾಗದಷ್ಟು ಎತ್ತರದಲ್ಲಿ. ಬಟನ್ ಒತ್ತಿದೊಡನೆ ತೊಟ್ಟಿಯ ಗಿಡಗಳೆಲ್ಲ ಒಂದೇ ಕಡೆ ವಾಲಿದವು. ಮೀನುಗಳು ಸೆಳವಿಗೆ ಎದುರಾಗಿ ಸಾಲುಗಟ್ಟಿ ನಿಂತವು. ಅಕ್ಕೋರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮರುದಿನ ಬೆಳಿಗ್ಗೆ ಕರೆದು ತೋರಿಸಿದರು. ಕಲ್ಲಿನಿಂದ ಬಲಕ್ಕೆ ಮರಳು ಉದ್ದಕ್ಕೆ ಏರಿ ದಿಬ್ಬವಾಗಿ ಕೂತಿತ್ತು. ತಲೆಯ ಕಡೆ ಕರಿಕಲ್ಲು. ಥೇಟ್ ಸಮಾಧಿ.

"ನೀರಿನ ಸೆಳವಿಗೆ ಹಂಗಾಗಿರ್ತೈತ್ರಿ ಅಕ್ಕೋರ," ಎಂದೆ.

ಮರಳು ಸಮ ಮಾಡಿ, ಪಂಪು ಕಿತ್ತು ಬಲಗಡೆಯ ಗಾಜಿಗೆ ಅಂಟಿಸಿದೆವು. ಈಗ ಸೆಳವು ಉಲ್ಟಾ. ಆದರೂ ಮಾರನೆಯ ಬೆಳಿಗ್ಗೆ ದಿಬ್ಬ ಅಲ್ಲೇ ಇತ್ತು, ಹಾಗೇ ಇತ್ತು…

"ಇರಲಿ ಬಿಡು ತಂಗಿ. ಇನ್ನ ಕೈ ಹಚ್ಚಬ್ಯಾಡ." ಅವರ ಧ್ವನಿಯಲ್ಲಿ ಅಂಜಿಕೆ ಇರಲಿಲ್ಲ.

ಅಂದಿನಿಂದ ದಿನಾ ಸಾಲಿ ಬಿಟ್ಟು ಬಂದವರೇ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಯಾವ ಹುಡುಗ ಅತ್ತ, ಜೋಳ ಎಷ್ಟು ತುಟ್ಟಿಯಾಯಿತು, ಎಲ್ಲ ಹೇಳುತ್ತಿದ್ದರು. ನಡುವೆ ಸುಮ್ಮನಾಗಿ, ಕೇಳಿಸಿಕೊಂಡವರ ಹಾಗೆ "ಹೂಂರಿ" ಎನ್ನುತ್ತಿದ್ದರು. ಒಳಗೆ ಗಂಡ ಹೆಂಡತಿ ಇಬ್ಬರೂ ಇರುವ ಮನೆಗೆ ಹೋಗುವಂತೆ ನಾನು ಬಾಗಿಲಲ್ಲೇ ಕೆಮ್ಮಿ ಹೋಗುತ್ತಿದ್ದೆ.

ಒಂದು ಬೇಸಿಗೆಯ ಬೆಳಿಗ್ಗೆ ಎಷ್ಟು ಕೂಗಿದರೂ ಓಗೊಡಲಿಲ್ಲ. ಬಾಗಿಲು ನೂಕಿದೆ. ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು. ಪಂಪುಗಳು ಗುಂಯ್‌ಗುಡುತ್ತಲೇ ಇದ್ದವು. ತೊಟ್ಟಿಯೊಳಗೆ ದಿಬ್ಬವಿರಲಿಲ್ಲ. ಯಾರೋ ಅಂಗೈಯಿಂದ ಸವರಿದಂತೆ ಮರಳು ಸಪಾಟಾಗಿತ್ತು.

ರಬಕವಿಯಿಂದ ಅವರ ತಮ್ಮ ಬಂದರು. ಕರಿಕಲ್ಲನ್ನು ಅಕ್ಕೋರ ಜೊತೆಗೇ ಮಣ್ಣಿಗಿಟ್ಟರು.

ಬೀಳಗಿ ಬಿಟ್ಟು ಎಷ್ಟೋ ವರ್ಷವಾಯಿತು. ಆ ಮರಳಿನ ಸಂಗತಿಯನ್ನು ನನ್ನ ಜೊತೆ ಕಂಡಿದ್ದವರು ಅಕ್ಕೋರೊಬ್ಬರೇ. ಈ ಸಂಜೆ ಮನೆಗೆ ಬಂದು ಗಂಡನಿಗೆ, "ಇವತ್ತ ಅಕ್ಕೋರ ನೆನಪಾತ್ರಿ," ಎಂದೆ.

"ಯಾವ ಅಕ್ಕೋರು?" ಎಂದರು ಅವರು.